ಮೊಲದ ಹಿಂಗಾಲು ಹುಣ್ಣಾದರೆ ಕೆಳಗೆ ಏನು ಹಾಸಬೇಕು?

ನಾಯಿ, ಬೆಕ್ಕಿನ ಅಂಗಾಲಿನಲ್ಲಿರುವ ಮೆತ್ತೆ ಮೊಲಕ್ಕಿಲ್ಲ. ಅದಕ್ಕಿರುವುದು ದಟ್ಟ ಕೂದಲು, ಕೂದಲಡಿ ತೆಳು ಚರ್ಮ, ಅದರಡಿ ಮೂಳೆ. ಮಣ್ಣಿನ ಮೇಲೆ ಕೂತಾಗ ಉಗುರು ಒಳಗಿಳಿದು ಭಾರ ಇಡೀ ಪಾದಕ್ಕೆ ಹಂಚಿಹೋಗುತ್ತದೆ. ಟೈಲ್ಸ್ ಮೇಲೆ ಉಗುರಿಗೆ ಇಳಿಯಲು ಜಾಗವಿಲ್ಲ. ಬೆರಳು ಮೇಲೆದ್ದು ಭಾರವೆಲ್ಲ ಹಿಮ್ಮಡಿಯ ಹತ್ತಿರ ಬೀಳುತ್ತದೆ. ಒತ್ತಡ ಬಿದ್ದಲ್ಲಿ ರಕ್ತ ಸರಿಯಾಗಿ ಓಡುವುದಿಲ್ಲ, ಕೂದಲು ಸವೆಯುತ್ತದೆ, ಚರ್ಮ ಕೆಂಪಾಗುತ್ತದೆ, ಕೊನೆಗೆ ಒಡೆಯುತ್ತದೆ.

ಹಾಸು ಕೊಳ್ಳುವ ಮೊದಲು ಕಾಲು ನೋಡಿ. ನೆಲದ ಮೇಲೆ ಕೂತು ಒಂದು ಕೈಯನ್ನು ಎದೆಯ ಕೆಳಗೆ, ಇನ್ನೊಂದನ್ನು ಹಿಂಭಾಗದ ಕೆಳಗೆ ಕೊಟ್ಟು ಮೊಲವನ್ನು ನಿಮ್ಮ ಮೈಗೆ ಒರಗಿಸಿಕೊಳ್ಳಿ. ಮತ್ತೊಬ್ಬರು ಹಿಮ್ಮಡಿಯ ಕೂದಲು ಬಿಡಿಸಿ ನೋಡಲಿ. ಸಣ್ಣ ಬೋಳು ಜಾಗ ಒಣಗಿದ್ದು, ನಸುಗುಲಾಬಿಯಾಗಿ, ನುಣುಪಾಗಿದ್ದರೆ ಹಾಸು ಬದಲಿಸಿ ವಾರಕ್ಕೊಮ್ಮೆ ಗಮನಿಸುತ್ತಿದ್ದರೆ ಸಾಕು. ಕಡುಗೆಂಪು, ಊತ, ಹಕ್ಕಳೆ, ರಕ್ತ, ಕೀವು ಕಂಡರೆ ಮೊದಲು ಪಶುವೈದ್ಯರು, ಆಮೇಲೆ ಹಾಸು. ಸೋಂಕು ಮೂಳೆಗೆ ಇಳಿದರೆ ವಾಸಿ ಮಾಡುವುದು ಬಲು ಕಷ್ಟ. ಹುಣ್ಣಿನ ಸುತ್ತ ಉಳಿದ ಕೂದಲನ್ನು ನೀವಾಗಿ ಕತ್ತರಿಸಬೇಡಿ, ಪಾದಕ್ಕಿರುವ ರಕ್ಷಣೆ ಅದೊಂದೇ.

ಹೆಚ್ಚಿನವರು ಹಾಸನ್ನು ಅಂಗೈಯಿಂದ ಸವರಿ, ಮೆತ್ತಗಿದೆ ಎಂದು ತಂದುಬಿಡುತ್ತಾರೆ. ಮೆತ್ತಗಿದ್ದೂ ಒದ್ದೆ ಹಿಡಿಯುವ ಹಾಸು, ಒಣಗಿದ ಗಟ್ಟಿ ನೆಲಕ್ಕಿಂತ ಬೇಗ ಕಾಲು ಕೆಡಿಸಬಹುದು. ಮೂತ್ರದಲ್ಲಿ ನೆಂದ ಚರ್ಮ ಮೆದುವಾಗಿ ಸುಲಭವಾಗಿ ಕಿತ್ತುಬರುತ್ತದೆ. ಆದ್ದರಿಂದ ಮೂರು ಪರೀಕ್ಷೆ ಮಾಡಿ. ಹಾಸಿನ ಮೇಲೆ ಬರಿ ಮಂಡಿಯೂರಿ ಎರಡು ನಿಮಿಷ ಇರಿ. ಕೆಳಗಿನ ನೆಲ ಮಂಡಿಗೆ ತಾಗಿದರೆ ದಪ್ಪ ಸಾಲದು. ಅಂಗೈ ಒತ್ತಿ ಪಕ್ಕಕ್ಕೆ ತಳ್ಳಿ. ಹಾಸು ಸರಿದರೆ ಮೊಲ ಜಾರದಂತೆ ಕಾಲು ಬಿಗಿಹಿಡಿದೇ ಕೂರಬೇಕಾಗುತ್ತದೆ. ಕೊನೆಗೆ ಅರ್ಧ ಲೋಟ ನೀರು ಸುರಿದು ಐದು ನಿಮಿಷ ಬಿಟ್ಟು ಒಣ ಟಿಶ್ಯೂ ಒತ್ತಿ. ಟಿಶ್ಯೂ ತೊಯ್ದು ಮೆತ್ತಿಕೊಂಡರೆ ಆ ಹಾಸು ಬೇಡ.

ಒಂದೇ ವಸ್ತು ಈ ಮೂರರಲ್ಲೂ ಗೆಲ್ಲುವುದು ಅಪರೂಪ, ಹಾಗಾಗಿ ಪದರ ಕಟ್ಟುವುದೇ ಮೇಲು. ಎಲ್ಲಕ್ಕಿಂತ ಕೆಳಗೆ ಜಾರದ ರಬ್ಬರ್ ಜಾಲರಿ. ಅದರ ಮೇಲೆ 2ರಿಂದ 3 ಸೆಂಟಿಮೀಟರ್ ದಪ್ಪದ ಫೋಮ್, ನೀರಿಳಿಯದ ಕವಚದೊಳಗೆ. ಅದರ ಮೇಲೆ ಹೀರುವ ಪದರ, ಎಂದರೆ ಹಳೆಯ ಟವೆಲ್ ಅಥವಾ ತೊಳೆಯಬಹುದಾದ ಪ್ಯಾಡ್. ಎಲ್ಲಕ್ಕಿಂತ ಮೇಲೆ ಫ್ಲೀಸ್, ಎಂದರೆ ತುಪ್ಪುಳಿನಂಥ ಮೆತ್ತನೆಯ ಸಿಂಥೆಟಿಕ್ ಬಟ್ಟೆ. ಫ್ಲೀಸ್ ತಾನು ನೀರು ಕುಡಿಯದೆ ಕೆಳಕ್ಕೆ ದಾಟಿಸುತ್ತದೆ. ಆದರೆ ಹೊಸ ಫ್ಲೀಸ್ ಮೇಲೆ ನೀರು ಮಣಿಮಣಿಯಾಗಿ ನಿಲ್ಲುತ್ತದೆ; ಬಿಸಿನೀರಿನಲ್ಲಿ ಮೂರ್ನಾಲ್ಕು ಸಲ ಒಗೆದ ಮೇಲೆ ಇಳಿಯಲು ಶುರು. ಫ್ಯಾಬ್ರಿಕ್ ಸಾಫ್ಟನರ್ ಹಾಕಿದರೆ ನೂಲಿಗೆ ಜಿಡ್ಡು ಮೆತ್ತಿ ಮತ್ತೆ ಮಣಿ ಕಟ್ಟುತ್ತದೆ. ಬಿಳಿ ಕಲೆಗಳಿಗೆ ವಿನೆಗರ್ ಸಾಕು, ಅವು ಮೂತ್ರದ ಕ್ಯಾಲ್ಸಿಯಂ. ಫ್ಲೀಸ್ ಅಂಚನ್ನು ಫೋಮ್ ಅಡಿಗೆ ಮಡಚಿ ಸಿಕ್ಕಿಸಿ. ಅಂಚು ಕಂಡರೆ ಮೊಲ ಕಚ್ಚದೆ ಬಿಡುವುದಿಲ್ಲ, ನುಂಗಿದ ಫೋಮ್ ಕರುಳು ಕಟ್ಟಿಸಬಹುದು. ಬಟ್ಟೆಯನ್ನೇ ತಿನ್ನುವ ಮೊಲವಾದರೆ ಈ ಪದರಗಳನ್ನೆಲ್ಲ ಬಿಟ್ಟು, ಕಾಗದದ ಹೀರುಗುಳಿಗೆಗಳ (ಒದ್ದೆ ಹೀರುವ, ಕಾಗದ ಒತ್ತಿ ಮಾಡಿದ ಸಣ್ಣ ತುಂಡುಗಳ) ಮೇಲೆ ಅಂಗೈ ಅಗಲದಷ್ಟು ದಪ್ಪಕ್ಕೆ ಒಣಹುಲ್ಲು ಹರಡಿ. ಅದು ದಿನಕ್ಕೊಮ್ಮೆ ತಗ್ಗುತ್ತದೆ, ಒದ್ದೆಯಾದದ್ದನ್ನು ತೆಗೆದು ಮೇಲೆ ಹೊಸದು ಹಾಕುತ್ತಿರಬೇಕು.

ತಂತಿ ಜಾಲರಿಯ ತಳ ಬೇಡವೇ ಬೇಡ. ಒರಟು ಸಿಂಥೆಟಿಕ್ ಕಾರ್ಪೆಟ್ ಕೂಡ ಮೋಸವೇ: ನೋಡಲು ಮೆತ್ತಗೆ, ಓಡಿ ನಿಲ್ಲುವಾಗ ಕೂದಲು ಉಜ್ಜಿಹೋಗುತ್ತದೆ. ಕುಣಿಕೆ ನೂಲಿನ ಟವೆಲ್ ಮೇಲ್ಪದರವಾದರೆ ಉಗುರು ಸಿಕ್ಕಿ ಕೀಳಬಹುದು.

ಪಂಜರ ಸಜ್ಜಾಯಿತೆಂದು ಲಿಟರ್ ಡಬ್ಬಿ, ಎಂದರೆ ಮೊಲ ಮಲಮೂತ್ರ ಮಾಡುವ ತಟ್ಟೆ, ಮರೆಯಬೇಡಿ. ಮೊಲ ಅಲ್ಲೇ ಗಂಟೆಗಟ್ಟಲೆ ಹುಲ್ಲು ಜಗಿಯುತ್ತ ಕೂರುತ್ತದೆ, ಎಷ್ಟೋ ಮನೆಗಳಲ್ಲಿ ಹುಣ್ಣು ಹುಟ್ಟುವ ಜಾಗ ಅದೇ. ಡಬ್ಬಿಯ ಪ್ಲಾಸ್ಟಿಕ್ ಜಾಲರಿ ತೆಗೆದು ಗುಳಿಗೆಗಳ ಮೇಲೆ ಹುಲ್ಲು ಹಾಸಿ. ಮೂಲೆಯ ಒದ್ದೆಯನ್ನು ದಿನಾ ತೆಗೆಯಿರಿ.

ಉಗುರು ಉದ್ದವಿದ್ದರೆ ಯಾವ ಹಾಸೂ ಅಷ್ಟಾಗಿ ಕೆಲಸ ಮಾಡದು: ಬೆರಳು ಎದ್ದೇ ಇರುತ್ತದೆ. 4ರಿಂದ 6 ವಾರಕ್ಕೊಮ್ಮೆ, ಒಳಗಿನ ರಕ್ತನಾಳ ಬಿಟ್ಟು, ತುದಿ ಕತ್ತರಿಸಿ. ತೂಕ ಮಿತಿಮೀರಿದ್ದರೆ ಅದನ್ನೂ ವೈದ್ಯರ ಬಳಿ ಮಾತಾಡಿ. ರೆಕ್ಸ್ ತಳಿಗೆ ಪಾದದ ಕೂದಲೇ ಚಿಕ್ಕದು, ದೊಡ್ಡ ತಳಿಗಳಿಗೆ ಭಾರ ಹೆಚ್ಚು. ಇವಕ್ಕೆ ಹುಣ್ಣು ಬರುವ ಮೊದಲೇ ದಪ್ಪ ಹಾಸು ಬೇಕು.

ಹೊಸ ಹಾಸನ್ನು ಮೊಲ ಕೆದಕಿ ಎತ್ತಿಹಾಕುವುದೂ ಉಂಟು. ಮೊದಲು ಅದು ಹೆಚ್ಚು ಹೊತ್ತು ಮಲಗುವ ಮೂಲೆಯಲ್ಲಷ್ಟೇ ಹಾಸಿ, ಹಳೆಯ ಹಾಸಿನ ಒಗೆಯದ ಒಂದು ತುಂಡನ್ನು ಮೇಲಿಡಿ. ತನ್ನದೇ ವಾಸನೆ ಸಿಕ್ಕ ಮೇಲೆ ಸಾಮಾನ್ಯವಾಗಿ ಕಾಲು ಚಾಚಿ ಮಲಗುತ್ತದೆ.