ಇಲ್ಲದ ಅರಮನೆಗೆ ರಟ್ಟಿನ ಮಾದರಿ

ಶಾಂತೆಲೂ ಅರಮನೆಯ ಮಾದರಿ ಮಾಡಲು ಕೂತಾಗ ನಾನು ತಪ್ಪಿದ್ದು ಅಳತೆಯಲ್ಲಲ್ಲ, ವರ್ಷದಲ್ಲಿ.

ಫ್ರಾನ್ಸಿನ ಆಂಬ್ವಾಜ್ ಊರಿನ ಪಕ್ಕದಲ್ಲಿದ್ದ ಅರಮನೆ ಇದು. 15ನೇ ಲೂಯಿಯ ಮಂತ್ರಿ, ಡ್ಯೂಕ್ ಶ್ವಾಜೆಲ್ ಇದನ್ನು 1761ರಲ್ಲಿ ಕೊಂಡು ಬಹಳ ಹಿಗ್ಗಿಸಿದ. 1770ರ ಡಿಸೆಂಬರಿನಲ್ಲಿ ರಾಜ ಅವನನ್ನು ಹುದ್ದೆಯಿಂದ ತೆಗೆದು ಇಲ್ಲಿಗೇ ಅಟ್ಟಿದ. ಆದರೂ ಸ್ನೇಹಿತರು ರಾಜನ ಮುನಿಸಿಗೆ ಹೆದರದೆ ಬಂದು ಹೋಗುತ್ತಲೇ ಇದ್ದರು. ಅವರ ನೆನಪಿಗೆ ಅವನು ಕಟ್ಟಿಸಿದ್ದು ಪಗೋಡ: 7 ಅಂತಸ್ತು, 44 ಮೀಟರ್ ಎತ್ತರ. ಅರಮನೆ ಈಗಿಲ್ಲ, ಪಗೋಡ ಇದೆ.

ನನಗೆ ಸಿಕ್ಕ ಒಳ್ಳೆಯ ಆಧಾರ ಒಂದು ನಶ್ಯದ ಡಬ್ಬಿ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ. ಅದರ ಮೇಲೆ ವಾನ್ ಬ್ಲಾರೆನ್‌ಬರ್ಗ್ ಎಂಬ ಚಿತ್ರಕಾರ ಶಾಂತೆಲೂವನ್ನು ಪುಟಾಣಿ ಚಿತ್ರಗಳಲ್ಲಿ ಬರೆದಿದ್ದಾನೆ. ಆ ಫೋಟೋಗಳನ್ನು ದೊಡ್ಡದು ಮಾಡಿಕೊಂಡು ಎರಡು ವಾರ ಪಗೋಡ ಹುಡುಕಿದೆ. ಅದರ ಎತ್ತರ ಗೊತ್ತಿತ್ತು, ಅದರಿಂದ ಮನೆಯ ಎತ್ತರ ತೆಗೆಯಬಹುದು ಅಂದುಕೊಂಡಿದ್ದೆ. ಸಿಗಲೇ ಇಲ್ಲ. ಸಿಗುವುದಾದರೂ ಹೇಗೆ? ಚಿತ್ರಗಳು 1767ರವು. ಪಗೋಡದ ಕೆಲಸ ಶುರುವಾಗಿದ್ದು 1775ರಲ್ಲಿ, ಮುಗಿದಿದ್ದು 1778ರಲ್ಲಿ.

ಹಾಗಾಗಿ ಮೊದಲು ವರ್ಷ ಗಟ್ಟಿ ಮಾಡಿಕೊಂಡೆ: 1778. ಸ್ನೇಹಿತರಿಗಾಗಿ ಕಟ್ಟಿದ ಗೋಪುರವೇ ಇಲ್ಲದ ಶಾಂತೆಲೂ ನನಗೆ ಬೇಡವಾಗಿತ್ತು. ಗೋಡೆ, ಕಿಟಕಿ, ಬಣ್ಣಕ್ಕೆ ಮಾತ್ರ ಡಬ್ಬಿಯ ಚಿತ್ರಗಳು. ಜಾಗಕ್ಕೆ ಉಪಗ್ರಹ ಚಿತ್ರ. ಪಗೋಡದ ಎದುರಿನ ಕೊಳ ಇನ್ನೂ ಇದೆ, ಅದರ ನಡುಗೆರೆಯನ್ನು ಎಳೆದುಕೊಂಡು ಹೋದರೆ ಮನೆ ನಿಂತಿದ್ದ ಜಾಗಕ್ಕೆ ಮುಟ್ಟುತ್ತೇವೆ. ಅಳತೆ 200ಕ್ಕೆ 1. ಪಗೋಡ 22 ಸೆಂಟಿಮೀಟರ್ ಬಂತು. ಮೇಲೆ ಹೋದಂತೆ ಕಿರಿದಾಗುವ ಅಂತಸ್ತುಗಳನ್ನು ಕತ್ತರಿಸುವುದೇ ಜಾಸ್ತಿ ಕಷ್ಟ. ಕೆಳಗಿನಿಂದ ಶುರು ಮಾಡಿ ಮೂರು ಸಲ ಕೆಡಿಸಿದೆ. ತುದಿಯಿಂದ ಕೆಳಕ್ಕೆ ಬಂದಾಗ ಸರಿಹೋಯಿತು.

ಮನೆ ಹೋಗಿದ್ದು ಫ್ರೆಂಚ್ ಕ್ರಾಂತಿಯಲ್ಲಿ ಎಂದೇ ನಾನೂ ನಂಬಿದ್ದೆ. ಅಲ್ಲ. ಕ್ರಾಂತಿ ಅದನ್ನು ಕಸಿದುಕೊಂಡಿತು ಅಷ್ಟೇ. ಆಮೇಲೆ ರಸಾಯನ ವಿಜ್ಞಾನಿ ಶಾಪ್ತಾಲ್ ಕೊಂಡು ಅಲ್ಲಿ ಸಕ್ಕರೆಗಾಗಿ ಬೀಟ್‌ರೂಟ್ ಬೆಳೆದ. 1823ರಲ್ಲಿ ಅದು ಹಳೆ ಮನೆ ಒಡೆದು ಕಲ್ಲು, ಮರ ಮಾರುವ ವ್ಯಾಪಾರಿಗಳ ಕೈಗೆ ಹೋಯಿತು. ಇದನ್ನು ಓದಿದ ದಿನ ಕತ್ತರಿ ಮುಟ್ಟಲು ಮನಸ್ಸಾಗಲಿಲ್ಲ. ಪಗೋಡವನ್ನು ಆರ್ಲಿಯನ್ಸ್ ಡ್ಯೂಕ್, ಮುಂದೆ ರಾಜನಾದ ಲೂಯಿ ಫಿಲಿಪ್, ಕೊಂಡು ಉಳಿಸಿದ.

ಮಾದರಿಯಲ್ಲಿ ಕೊಳ, ಪಗೋಡ ಎರಡನ್ನೂ ಹಲಗೆಗೆ ಅಂಟಿಸಿದ್ದೇನೆ. ಮನೆಯನ್ನು ಸುಮ್ನೆ ಮೇಲಿಟ್ಟಿದ್ದೇನೆ. ನೋಡಲು ಬಂದವರು ಅದನ್ನು ಎತ್ತಿ, ಕೆಳಗಿನ ಖಾಲಿ ಜಾಗ ನೋಡಬಹುದು.