ಓದಲು ಹೋದ ದೇಶದಲ್ಲಿ ಮೊದಲ ಡೇಟ್: ಸಿದ್ಧತೆ ಹೇಗಿರಬೇಕು?

ಓದಿಗಾಗಿ ಬೇರೆ ದೇಶಕ್ಕೆ ಹೋದವರು ಅಲ್ಲಿಯವರೇ ಆದ ಒಬ್ಬರೊಡನೆ ಡೇಟ್‌ಗೆ ಹೊರಟಾಗ ಇಬ್ಬರ ಸ್ಥಿತಿ ಸಮನಾಗಿರುವುದಿಲ್ಲ. ಆ ಊರಿನ ದಾರಿ, ಭಾಷೆ, ಕಾನೂನು, ತಡರಾತ್ರಿಯಲ್ಲೂ ಕರೆದರೆ ಬರುವ ಗೆಳೆಯರು, ಎಲ್ಲವೂ ಎದುರಿನವರ ಪಾಲಿಗಿವೆ. ವಿದ್ಯಾರ್ಥಿಯ ಪಾಲಿಗೆ ಇವುಗಳಲ್ಲಿ ಅರ್ಧವೂ ಇರುವುದಿಲ್ಲ. ಇದಕ್ಕೆ ಅಂಜಿ ಕೋಣೆಯಲ್ಲೇ ಉಳಿಯಬೇಕಾಗಿಲ್ಲ. ಭೇಟಿಗೆ ಮುಂಚೆಯೇ ಕೆಲವು ಸಂಗತಿಗಳನ್ನು ತನ್ನ ಕೈಯಲ್ಲಿ ಇಟ್ಟುಕೊಂಡರೆ ಈ ಅಂತರ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಆಹ್ವಾನ ಅನುಮಾನಕ್ಕೆಡೆ ಕೊಡದಿರಲಿ

ಹೆಚ್ಚಿನವರನ್ನು ಕಾಡುವುದು ಮೊದಲ ಪ್ರಶ್ನೆಯೇ: ಇದು ಡೇಟೋ, ಬರಿಯ ಸ್ನೇಹದ ಭೇಟಿಯೋ? ಜಪಾನಿನಲ್ಲಿ ಕೆಲವು ಸಲ ಜೊತೆಯಾಗಿ ಸುತ್ತಾಡಿದ ಮೇಲೆ ಒಬ್ಬರು ಬಾಯಿಬಿಟ್ಟು ಪ್ರೀತಿಯನ್ನು ಹೇಳಿಕೊಳ್ಳುವ 'ಕೊಕುಹಾಕು' ಎಂಬ ರೂಢಿಯಿದ್ದು, ಅದಾದ ಮೇಲೆಯೇ ತಾವು ಜೋಡಿ ಎಂದು ಅನೇಕರು ಭಾವಿಸುತ್ತಾರೆ. ಅಮೆರಿಕದಲ್ಲಾದರೋ, ಪರಸ್ಪರ ಮಾತಾಡಿ ನಿರ್ಧರಿಸುವ ತನಕ ಒಬ್ಬರಿಗಿಂತ ಹೆಚ್ಚು ಜನರನ್ನು ಡೇಟ್‌ಗೆ ಭೇಟಿಯಾಗುವುದನ್ನು ಹಲವರು ತಪ್ಪೆಂದು ಎಣಿಸುವುದಿಲ್ಲ. ಹೀಗಿರುವಾಗ ಊಹೆಯನ್ನು ನಂಬುವುದಕ್ಕಿಂತ ನೇರವಾಗಿ ಕೇಳುವುದೇ ಒಳ್ಳೆಯದು. "ನಿಮ್ಮನ್ನು ಇನ್ನಷ್ಟು ಅರಿತುಕೊಳ್ಳುವ ಆಸೆಯಿದೆ. ಶನಿವಾರ ಸಂಜೆ 4ಕ್ಕೆ ಕಾಫಿಗೆ ಸಿಗೋಣವೇ? ಡೇಟ್ ಎಂದುಕೊಂಡೇ ಕೇಳುತ್ತಿದ್ದೇನೆ" ಎಂದರೆ ಉದ್ದೇಶ, ದಿನ, ವೇಳೆ ಮೂರೂ ತಿಳಿಯುತ್ತವೆ. "ಈ ವಾರ ಬಿಡುವಿಲ್ಲ" ಎಂದವರು ಬೇರೆ ದಿನವನ್ನು ತಾವಾಗಿ ಸೂಚಿಸದಿದ್ದರೆ ಅದನ್ನು ನಿರಾಕರಣೆಯೆಂದೇ ತಿಳಿದು ಅಲ್ಲಿಗೆ ಬಿಡಬೇಕು. ನಿಮ್ಮ ಉತ್ತರಪತ್ರಿಕೆಗೆ ಅಂಕ ಕೊಡುವವರೊಡನೆ ಇಂಥ ಭೇಟಿಯೇ ಬೇಡ. ಅನೇಕ ವಿಶ್ವವಿದ್ಯಾಲಯಗಳು ಇದನ್ನು ನಿಷೇಧಿಸಿವೆ.

ಸ್ಥಳ, ಸಮಯ, ಮರಳುವ ದಾರಿ

ಮೊದಲ ಭೇಟಿ ಹಗಲಿನಲ್ಲಿ, ಜನರಿರುವ ಕಡೆ, ಒಂದೆರಡು ಗಂಟೆಗಳಿಗೆ ಮುಗಿಯುವಂತಿರಲಿ. ಗದ್ದಲದ ಬಾರ್‌ಗಿಂತ ವಸ್ತುಸಂಗ್ರಹಾಲಯ, ಉದ್ಯಾನ ಅಥವಾ ಸದ್ದಿಲ್ಲದ ಕೆಫೆ ವಾಸಿ. ಎರಡನೆಯ ಭಾಷೆಯ ಮಾತನ್ನು ಗದ್ದಲದ ನಡುವೆ ಗ್ರಹಿಸುವುದು ಮಾತೃಭಾಷೆಯನ್ನು ಗ್ರಹಿಸುವುದಕ್ಕಿಂತ ಕಷ್ಟವಾದ್ದರಿಂದ, ಅಂಥ ಜಾಗದಲ್ಲಿ ಶ್ರಮವೆಲ್ಲ ನಿಮ್ಮ ಪಾಲಿಗೇ ಬರುತ್ತದೆ. ಕೊನೆಯ ರೈಲು ಅಥವಾ ಬಸ್ಸಿನ ಸಮಯವನ್ನು ಮೊದಲೇ ನೋಡಿಕೊಂಡು, ಅವರ ವಾಹನವನ್ನು ನೆಚ್ಚದೆ ಮರಳುವ ಏರ್ಪಾಡು ಮಾಡಿಕೊಳ್ಳಿ. ಎಲ್ಲಿ, ಯಾರೊಡನೆ ಇರುತ್ತೀರಿ, ಎಷ್ಟು ಹೊತ್ತಿಗೆ ಹಿಂದಿರುಗುತ್ತೀರಿ ಎಂಬುದು ನಂಬಿಕಸ್ಥ ಸಹಪಾಠಿಯೊಬ್ಬರಿಗೆ ತಿಳಿದಿರಲಿ. ತುರ್ತು ಸಂಖ್ಯೆ ಯುರೋಪಿಯನ್ ಒಕ್ಕೂಟದಾದ್ಯಂತ 112, ಬ್ರಿಟನ್ನಿನಲ್ಲಿ 999, ಅಮೆರಿಕ ಮತ್ತು ಕೆನಡಾದಲ್ಲಿ 911, ಆಸ್ಟ್ರೇಲಿಯಾದಲ್ಲಿ 000.

ಆ್ಯಪ್‌ನಲ್ಲಿ ಪರಿಚಯವಾದವರಾದರೆ ಮುಂಚಿತವಾಗಿ ಒಮ್ಮೆ ವಿಡಿಯೊ ಕರೆ ಮಾಡಿ. ತಾವು ಹೇಳಿದ ಒಂದೇ ಬಾರ್‌ಗೆ ಬರಬೇಕೆಂದು ಹಟ ಹಿಡಿಯುವವರ ಬಗ್ಗೆ ಎಚ್ಚರಿಕೆ ಬೇಕು. ಹೊರಗಿನಿಂದ ಬಂದವರನ್ನು ಹೀಗೆ ಕರೆದೊಯ್ದು ದುಬಾರಿ ಬಿಲ್ ಹೇರುವ ವಂಚನೆ ಹಲವು ದೊಡ್ಡ ನಗರಗಳಲ್ಲಿದೆ. ಸಲಿಂಗ ಸಂಬಂಧವನ್ನು ಅಪರಾಧವೆಂದು ಪರಿಗಣಿಸುವ ದೇಶಗಳು ಈಗಲೂ 60ಕ್ಕೂ ಹೆಚ್ಚಿರುವುದರಿಂದ, ಅಂಥ ಭೇಟಿಗೆ ಹೊರಡುವವರು ಆ ದೇಶದ ಕಾನೂನನ್ನು ಮೊದಲು ತಿಳಿದುಕೊಳ್ಳಲೇಬೇಕು.

ಅರ್ಥವಾಗದೆ ತಲೆಯಾಡಿಸಬೇಡಿ

ಪರಭಾಷೆಯಲ್ಲಿ ಗಂಟೆಗಟ್ಟಲೆ ಮಾತಾಡಿ ದಣಿದಾಗ, ಅರ್ಥವಾಗದ್ದಕ್ಕೂ ನಕ್ಕು "ಹೌದು" ಎಂದುಬಿಡುವ ಅಭ್ಯಾಸ ಹೊರದೇಶದಲ್ಲಿ ಓದುವ ಬಹುತೇಕರಿಗೆ ಅಂಟಿಕೊಳ್ಳುತ್ತದೆ. ತರಗತಿಯಲ್ಲಿ ಇದರಿಂದ ಒಂದೆರಡು ವಾಕ್ಯ ತಪ್ಪಿಹೋಗಬಹುದು, ಅಷ್ಟೇ. ಡೇಟ್‌ನಲ್ಲಿ ಮಾತ್ರ ಆ "ಹೌದು" ಮುಂದೆ ಎಲ್ಲಿಗೆ ಹೋಗುವುದು, ಯಾರ ಮನೆಗೆ ಹೋಗುವುದು ಎಂಬುದಕ್ಕೂ ಒಪ್ಪಿಗೆಯಾಗಿಬಿಡಬಹುದು. ಆದ್ದರಿಂದ "ಇನ್ನೊಮ್ಮೆ ಹೇಳುತ್ತೀರಾ?", "ನನಗೆ ಇದು ಇಷ್ಟವಿಲ್ಲ", "ನಾನಿನ್ನು ಹೊರಡುತ್ತೇನೆ" ಎಂಬ ಮೂರು ಮಾತುಗಳನ್ನು ಅಲ್ಲಿಯ ಭಾಷೆಯಲ್ಲಿ ತಡವರಿಸದೆ ಹೇಳಲು ಬರುವ ಹಾಗೆ ಕಲಿತುಕೊಳ್ಳಿ, ಉಡುಪಿನ ಬಗ್ಗೆ ಯೋಚಿಸುವುದಕ್ಕಿಂತ ಇದು ಸಾವಿರ ಪಾಲು ಮುಖ್ಯ. ನಿಮ್ಮ ದೇಶದ ಕುರಿತ ಪ್ರಶ್ನೆಗಳಿಗೇ ಸಂಜೆಯೆಲ್ಲ ಉತ್ತರಿಸುತ್ತ ಕೂರುವ ಅಗತ್ಯವೂ ಇಲ್ಲ. ನಿಮ್ಮ ಓದು, ಹವ್ಯಾಸ, ಇಷ್ಟಾನಿಷ್ಟಗಳ ಕಡೆಗೆ ಮಾತನ್ನು ನೀವೇ ತಿರುಗಿಸಿ. ಅವರನ್ನೂ ಒಂದು ದೇಶದ ಮಾದರಿಯಾಗಿ ನೋಡದೆ ಒಬ್ಬ ವ್ಯಕ್ತಿಯಾಗಿ ವಿಚಾರಿಸಿ.

ಬಿಲ್, ಮದ್ಯ, ಸ್ಪರ್ಶ

ನಿಮ್ಮ ಪಾಲಿನ ಹಣವನ್ನು ನೀವೇ ಕೊಡುವ ಸಿದ್ಧತೆಯಿಂದ ಹೋಗಿ. ಜರ್ಮನಿಯಂಥ ದೇಶಗಳಲ್ಲಿ ಬೇರೆ ಬೇರೆಯಾಗಿ ಪಾವತಿಸುವುದು ತೀರ ಸಾಮಾನ್ಯ. ಅವರೇ ಬಿಲ್ ಕೊಟ್ಟರೂ ಅದರಿಂದ ನಿಮ್ಮ ಮೇಲೆ ಯಾವ ಋಣವೂ ಬೀಳುವುದಿಲ್ಲ.

ಮದ್ಯ ಕೊಳ್ಳಲು ಅಮೆರಿಕದಲ್ಲಿ 21, ಜಪಾನಿನಲ್ಲಿ 20 ವರ್ಷ ತುಂಬಿರಬೇಕು. ಸ್ಪರ್ಶದ ವಿಷಯದಲ್ಲಿ, ನೀವು ಯಾರೇ ಆಗಿರಿ, ಕೇಳದೆ ಮುಂದುವರಿಯಬೇಡಿ. ಸ್ವೀಡನ್ನಿನಲ್ಲಿ 2018ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಬಲಪ್ರಯೋಗ ನಡೆಯದಿದ್ದರೂ, ಸ್ವಇಚ್ಛೆಯಿಂದ ಪಾಲ್ಗೊಳ್ಳದವರೊಡನೆ ನಡೆಸುವ ಲೈಂಗಿಕ ಕ್ರಿಯೆ ಅತ್ಯಾಚಾರವೆನಿಸುತ್ತದೆ. ಮೌನವನ್ನು ಒಪ್ಪಿಗೆಯೆಂದು ತಿಳಿಯಬಾರದು. ಕುಡಿದು ಮೈಮರೆತವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಏನಾದರೂ ಅಹಿತಕರವಾದದ್ದು ನಡೆದರೆ ತಪ್ಪು ತನ್ನದೆಂದುಕೊಂಡು ಸುಮ್ಮನಾಗದೆ ವಿಶ್ವವಿದ್ಯಾಲಯದ ಆಪ್ತಸಮಾಲೋಚಕರನ್ನೋ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯನ್ನೋ ಸಂಪರ್ಕಿಸಿ.

ಮರುದಿನ

ಭೇಟಿ ಹಿತವೆನಿಸಿದ್ದರೆ ಸಂದೇಶಕ್ಕಾಗಿ ಕಾಯದೆ ನೀವೇ ಬರೆಯಿರಿ; ಹಿಡಿಸದಿದ್ದರೆ ಉತ್ತರಿಸದೆ ಮರೆಯಾಗುವ ಬದಲು ಎರಡು ಸಾಲಿನಲ್ಲಿ ಮರ್ಯಾದೆಯಿಂದ ತಿಳಿಸಿ. ಒಡನಾಟ ಮುಂದುವರಿದರೆ, ನಿಮ್ಮ ಕೋರ್ಸ್ ಯಾವ ತಿಂಗಳು ಮುಗಿಯುತ್ತದೆ, ವೀಸಾ ಯಾವಾಗಿನವರೆಗೆ ಇದೆ, ಆಮೇಲೆ ಅಲ್ಲೇ ಉಳಿಯುವ ಯೋಚನೆ ನಿಮಗಿದೆಯೇ ಎಂಬುದನ್ನು ಮೂರನೆಯ ಅಥವಾ ನಾಲ್ಕನೆಯ ಭೇಟಿಯೊಳಗೆ ಹೇಳಿಬಿಡಿ. ಹೊರಡುವ ದಿನ ಗೊತ್ತಿರುವುದು ನಿಮಗೊಬ್ಬರಿಗೇ. ಅದನ್ನು ತಿಳಿದ ಮೇಲೆ ಎಷ್ಟರಮಟ್ಟಿಗೆ ಹತ್ತಿರವಾಗಬೇಕೆಂದು ತೀರ್ಮಾನಿಸುವ ಹಕ್ಕು ಅವರಿಗೂ ಇದೆ.