ಸ್ಟಾರ್ಟರ್ ಮೋಟಾರ್ ನಿರಪರಾಧಿ: ನನ್ನ ಜೆಟ್ ಸ್ಕಿಯ ಅನುಭವ

ನನ್ನ ಜೆಟ್ ಸ್ಕಿಯಲ್ಲಿ (ನೀರಿನ ಮೇಲೆ ಓಡುವ ಬೈಕ್) ಎಂಜಿನ್ ತಿರುಗಿಸಿ ಎಬ್ಬಿಸುವ ಸ್ಟಾರ್ಟರ್ ಮೋಟಾರ್ ಸತ್ತಿದೆ ಎಂದು ತೀರ್ಪು ಕೊಟ್ಟವರು ಒಬ್ಬಿಬ್ಬರಲ್ಲ. ಗುಂಡಿ ಒತ್ತಿದರೆ ರಿಲೇ (ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಬಿಡುವ ಸ್ವಿಚ್) ‘ಟಕ್’ ಎನ್ನುತ್ತಿತ್ತು, ಎಂಜಿನ್ ಮಾತ್ರ ಮಿಸುಕುತ್ತಿರಲಿಲ್ಲ. ಅದೇ ಮೋಟಾರ್ ಈಗಲೂ ಒಳಗಿದೆ, ಹೋದ ಸೀಸನ್ ಪೂರ್ತಿ ಒಂದೇ ಒತ್ತಿಗೆ ಎಂಜಿನ್ ಎಬ್ಬಿಸಿದೆ. ತೀರ್ಪು ಕೊಟ್ಟವರು ಓದಲಿ ಎಂದೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದದ್ದು ಬ್ಯಾಟರಿಗೆ. ಹಳೆಯದು 12.7 ವೋಲ್ಟ್ ತೋರಿಸುತ್ತಿದ್ದರೂ ‘ಲೋಡ್ ಬಿದ್ದಾಗ ಕುಸಿಯುತ್ತದೆ’ ಎಂದು ಮೆಕ್ಯಾನಿಕ್ ಹಟ ಹಿಡಿದರು. ಹೊಸದು ಬಂತು, ಗಾಡಿ ಕೆಲವು ದಿನ ಸ್ಟಾರ್ಟ್ ಕೂಡ ಆಯಿತು. ಎಲ್ಲರೂ ಮೋಸ ಹೋಗುವುದು ಇಲ್ಲಿಯೇ. ಹೊಸ ಬ್ಯಾಟರಿಯ ಕಸುವು ದೋಷವನ್ನು ತುಸು ಕಾಲ ಮುಚ್ಚಿಡುತ್ತದೆ, ಗುಣಪಡಿಸುವುದಿಲ್ಲ. ಆಮೇಲೆ ರಿಲೇ. ಅಗ್ಗದ ನಕಲಿ ಮಾಲು, ಹಳೆಯದಕ್ಕಿಂತ ಜೋರಾಗಿ ‘ಟಕ್’ ಎಂದದ್ದಷ್ಟೇ ಅದರ ಸಾಧನೆ. ಮೂರನೆಯ ಸಲಹೆ ಹೊಸ ಮೋಟಾರ್. ಅದರ ಬೆಲೆ ಬ್ಯಾಟರಿಯ ಮೂರು ನಾಲ್ಕು ಪಟ್ಟು. ಎಕ್ಸಾಸ್ಟ್ ಇಳಿಸದೆ ಅದಕ್ಕೆ ಕೈ ಹಾಕಲು ಆಗುವುದಿಲ್ಲವೆಂದು ಕೂಲಿಯೂ ಅಷ್ಟೇ ಕೇಳಿದರು. ಅಲ್ಲಿಗೆ ನನ್ನ ಜೇಬೂ ಸಹನೆಯೂ ಒಟ್ಟಿಗೆ ಬರಿದಾದವು.

ಸಿಲಿಂಡರಿಗೆ ನೀರು ನುಗ್ಗಿದ್ದರೂ ಇದೇ ಲಕ್ಷಣ ಕಾಣುತ್ತದೆ. ಹಾಗಾಗಿ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ಲಗ್ ವೈರುಗಳನ್ನು ಅರ್ತ್ ಮಾಡಿ, ಗುಂಡಿ ಒತ್ತಿದೆ. ನೀರು ಚಿಮ್ಮಲಿಲ್ಲ, ಎಂಜಿನ್ ಮಾತ್ರ ಒಲ್ಲದ ಮನಸ್ಸಿನಿಂದ ನಿಧಾನವಾಗಿ ತಿರುಗಿತು. ‘ನೋಡಿ, ಮೋಟಾರಿನಲ್ಲಿ ಶಕ್ತಿಯಿಲ್ಲ’ ಎಂದರು ಮೆಕ್ಯಾನಿಕ್. ಶಕ್ತಿ ಇಲ್ಲದಿರುವುದು ಬೇರೆ, ಶಕ್ತಿ ತಲುಪದಿರುವುದು ಬೇರೆ ಎಂದು ನಾನು ಹೇಳಿದ್ದಕ್ಕೆ ನಕ್ಕರು.

ಪ್ಲಗ್ ಮತ್ತೆ ಕೂರಿಸಿ, ಸೀಟು ತೆಗೆದು ಒಳಗಿನ ಪೆಟ್ರೋಲ್ ವಾಸನೆ ಪೂರ್ತಿ ಹೋಗುವವರೆಗೆ ಗಾಳಿಯಾಡಲು ಬಿಟ್ಟೆ. ಗುಂಡಿ ಒತ್ತಿ ಹಿಡಿಯಲು ಗೆಳೆಯನೊಬ್ಬನನ್ನು ನಿಲ್ಲಿಸಿಕೊಂಡೆ. ಒತ್ತಿದಾಗ ಬ್ಯಾಟರಿಯ ಎರಡು ಕಂಬಗಳ ನಡುವೆ ಹೆಚ್ಚುಕಡಿಮೆ 12 ವೋಲ್ಟ್ ಉಳಿದಿತ್ತು. ಬ್ಯಾಟರಿ ದುರ್ಬಲವಾಗಿದ್ದರೆ ಅದು ಒಂಬತ್ತಕ್ಕೋ ಎಂಟಕ್ಕೋ ಬೀಳಬೇಕಿತ್ತು, ಮೋಟಾರ್ ಸರಿಯಾಗಿ ಎಳೆಯುತ್ತಿದ್ದರೂ ಹತ್ತು ಹನ್ನೊಂದಕ್ಕೆ ಇಳಿಯಬೇಕಿತ್ತು. ಇಳಿಯಲಿಲ್ಲ ಎಂದರೆ ದಾರಿಯಲ್ಲಿ ಯಾರೋ ಅಡ್ಡ ನಿಂತಿದ್ದಾರೆ. ಮೋಟಾರಿನ ಟರ್ಮಿನಲ್ ಮತ್ತು ಅದರ ಮೈ ನಡುವೆ ಅಳೆದರೆ ಸಿಕ್ಕಿದ್ದು ಬರೀ ಮೂರು ವೋಲ್ಟ್. ಉಳಿದ ಒಂಬತ್ತು ಎಲ್ಲಿ? ಪಾಸಿಟಿವ್ ಕಡೆ ಬ್ಯಾಟರಿಯಿಂದ ರಿಲೇ, ರಿಲೇಯ ದಪ್ಪ ಕಂಬಗಳ ನಡುವೆ, ರಿಲೇಯಿಂದ ಮೋಟಾರ್, ಎಲ್ಲ ಸೇರಿಸಿದರೂ ಅರ್ಧ ವೋಲ್ಟ್ ದಾಟಲಿಲ್ಲ. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ ಬ್ಲಾಕಿಗೂ ಒತ್ತಿ ಹಿಡಿದೆ. ಎಂಟೂವರೆ! ಒಳ್ಳೆಯ ಕೇಬಲ್ಲಿನಲ್ಲಿ ಅರ್ಧ ವೋಲ್ಟ್ ಕಂಡರೂ ನನಗೆ ಸಮಾಧಾನವಿರುವುದಿಲ್ಲ.

ನೆಗೆಟಿವ್ ಕಂಬದಿಂದ ಬ್ಲಾಕಿಗೆ ಹೋಗುವ ಇದೇ ಕೇಬಲ್ಲನ್ನು ಮೆಕ್ಯಾನಿಕ್ ಓಮ್ ಮೀಟರಿನಲ್ಲಿ ಪರೀಕ್ಷಿಸಿ ‘ಪಾಸ್’ ಮಾಡಿದ್ದರು. ಮಾಡದೆ ಏನು? ಮೀಟರಿನ ವೈರುಗಳೇ 0.2, 0.3 ಓಮ್ ತೋರಿಸುವಾಗ ಕೇಬಲ್ಲಿನ 0.1 ಓಮ್ ಯಾವ ಕಣ್ಣಿಗೆ ಕಂಡೀತು? ಆದರೆ 80 ಆಂಪಿಯರ್ ಹರಿದಾಗ ಅದೇ 0.1 ಓಮ್ 8 ವೋಲ್ಟ್ ನುಂಗುತ್ತದೆ. ಸುಮ್ಮನೆ ಮಲಗಿರುವ ಕೇಬಲ್ಲನ್ನು ಅಳೆದು ಪ್ರಯೋಜನವಿಲ್ಲ, ಹೊರೆ ಹೊತ್ತಾಗಲೇ ಅಳೆಯಬೇಕು.

ಖಾತ್ರಿಗೆಂದು ಬ್ಯಾಟರಿ ನೆಗೆಟಿವ್‌ನಿಂದ ಬ್ಲಾಕಿನ ಸ್ವಚ್ಛ ಬೋಲ್ಟಿಗೆ ಜಂಪರ್ ಕೇಬಲ್ ಎಳೆದು ಗುಂಡಿ ಒತ್ತಿಸಿದೆ. ಎಂಜಿನ್ ಗುಡುಗಿತು. ತಂಪಿಗೆ ನೀರಿರಲಿಲ್ಲವಾದ್ದರಿಂದ ಒಂದೆರಡು ಸೆಕೆಂಡಿನಲ್ಲೇ ಆರಿಸಿದೆವು. ಗೆಳೆಯನ ಮುಖ ನೋಡಲು ಅಷ್ಟು ಸಾಕಾಯಿತು.

ಕೇಬಲ್ಲಿನ ಬ್ಲಾಕ್ ಕಡೆಯ ತುದಿ ಹೊರನೋಟಕ್ಕೆ ಚೊಕ್ಕಟವಾಗಿತ್ತು. ಬೋಲ್ಟಿಗೆ ಕೂರುವ ಲೋಹದ ಬಳೆ, ಅಂದರೆ ಲಗ್, ಹೊಳೆಯುತ್ತಿತ್ತು, ಮೇಲಿನ ಕಪ್ಪು ತೊಗಟೆಯಲ್ಲಿ ಒಂದು ಬಿರುಕೂ ಇರಲಿಲ್ಲ. ಬ್ಲೇಡಿನಿಂದ ಸೀಳಿದಾಗ ಒಳಗೆ ಹಸಿರು ಕಿಲುಬಿನ ಪುಡಿ. ಎಳೆಗಳು ಇದ್ದಿಲು ಬಣ್ಣಕ್ಕೆ ತಿರುಗಿ, ಬೆರಳಿನಲ್ಲಿ ಹೊಸೆದರೆ ತುಂಡಾಗಿ ಉದುರಿದವು. ಲಗ್ಗಿನ ಹಿಡಿತದಲ್ಲಿ ಗಟ್ಟಿಯಾಗಿ ಉಳಿದದ್ದು ನಾಲ್ಕರಲ್ಲಿ ಒಂದು ಪಾಲೂ ಇರಲಿಕ್ಕಿಲ್ಲ.

ಹೊಸ ಕೇಬಲ್ ನಾನೇ ಮಾಡಿಕೊಂಡೆ: ತವರ ಲೇಪಿಸಿದ ತಾಮ್ರದ ಎಳೆ, ಮೂಲಕ್ಕಿಂತ ಒಂದು ಅಳತೆ ದಪ್ಪ, ಎರಡೂ ತುದಿಗೆ ಒಳಗೆ ಅಂಟು ಸವರಿದ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ). ಬೆಸುಗೆ ಹಾಕಲಿಲ್ಲ. ಬೆಸುಗೆ ಎಳೆಗಳೊಳಗೆ ಹರಿದು ಗಡುಸಾಗಿ, ಅಲುಗಾಟಕ್ಕೆ ಅದರ ಅಂಚಿನಲ್ಲೇ ಕೇಬಲ್ ಮುರಿಯುತ್ತದೆ. ಖರ್ಚು ನಕಲಿ ರಿಲೇಗಿಂತ ಕಡಿಮೆ. ಎಕ್ಸಾಸ್ಟ್ ಇಳಿಸದೆಯೇ ಕೇಬಲ್ಲಿನ ಬ್ಲಾಕ್ ಕಡೆಯ ಬೋಲ್ಟ್ ಬಿಗಿಯಲು ಒಂದು ಸಲಕರಣೆ ಮಾಡಿಕೊಂಡಿದ್ದೇನೆ. ಅದರ ಗುಟ್ಟು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಉಳಿದ ಕೇಬಲ್ ತುಂಡುಗಳನ್ನು ಉಪ್ಪುನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟು ನೋಡಿದೆ. ಲಗ್ಗನ್ನು ಬರೀ ಕ್ರಿಂಪ್ ಮಾಡಿದ್ದು (ಅದುಮಿ ಕೂರಿಸಿದ್ದು) ಕೆಲವೇ ವಾರಗಳಲ್ಲಿ ಹಸಿರಾಯಿತು. ಲಗ್ ಮೇಲೆ ಗ್ರೀಸ್ ಬಳಿದಿದ್ದು ಹೊರಗೆ ಚೆನ್ನಾಗಿದ್ದು ಒಳಗೆ ಕೊಳೆತಿತ್ತು. ವಿಚಿತ್ರವೆಂದರೆ ಒಂದೇ ತುದಿಗೆ ಅಂಟಿನ ಶ್ರಿಂಕ್ ಹಾಕಿದ ತುಂಡು: ನೀರು ತೆರೆದ ತುದಿಯಿಂದ ಎಳೆಗಳ ನಡುವೆ ಜಿನುಗಿ, ಮುಚ್ಚಿದ ತುದಿಯವರೆಗೂ ಹೋಗಿತ್ತು. ಎರಡೂ ಕಡೆ ಮುಚ್ಚಿದ್ದು ಮಾತ್ರ ಸೀಳಿದಾಗ ಹೊಸದರಂತೆಯೇ ಇತ್ತು.

‘ಟಕ್’ ಎಂಬ ಸದ್ದೇ ಇಲ್ಲದಿದ್ದರೆ ಅದು ಬೇರೆ ಕಥೆ. ಫ್ಯೂಸ್, ಲ್ಯಾನ್ಯಾರ್ಡ್ (ಸವಾರ ಬಿದ್ದರೆ ಎಂಜಿನ್ ಆರಿಸುವ ದಾರ), ಹ್ಯಾಂಡಲಿನ ಸ್ವಿಚ್ ನೋಡಿ, ರಿಲೇಯ ಸಣ್ಣ ವೈರಿಗೆ 12 ವೋಲ್ಟ್ ಬರುತ್ತಿದೆಯೇ ಎಂದು ಹುಡುಕಿ. ಈಗ ನನ್ನ ಗಾಡಿಯ ನೆಗೆಟಿವ್ ಕಡೆ ಒತ್ತಿದಾಗ ಕಾಣುವುದು 0.2 ವೋಲ್ಟಿನ ಆಸುಪಾಸು. ಸೀಸನ್ ಶುರುವಾಗುವ ಮುನ್ನ ಒಮ್ಮೆ ಅಳೆಯುತ್ತೇನೆ. 0.4 ದಾಟಿದ ದಿನ ಬ್ಯಾಟರಿ ಅಂಗಡಿಗೆ ಹೋಗುವುದಿಲ್ಲ, ನೇರವಾಗಿ ಬ್ಲೇಡು ಹಿಡಿಯುತ್ತೇನೆ.